ಸ್ಯಾಕ್ಸೊಫೋನ್ ಯಾರ ಪಾಲಿಗೆ

ನಮ್ಮ ಜಾಝ್ ಕೂಟದಲ್ಲಿ ಐದು ಕುರ್ಚಿಗಳಿದ್ದವು. ಐದನೆಯದು, ಬಾಗಿಲಿಗೆ ಹತ್ತಿರದ್ದು, ನನ್ನದು. ಬಂದರು ರಸ್ತೆಯ ವಾಚನಾಲಯದ ಹಿಂಬದಿ ಕೋಣೆಯಲ್ಲಿ ಪ್ರತಿ ಭಾನುವಾರ ಸಂಜೆ ಸೇರುತ್ತಿದ್ದೆವು. ಹೊಸದಾಗಿ ಬಿಡುಗಡೆಯಾದ ಆಲ್ಬಮ್ ಒಂದು ದೊಡ್ಡ ಊರಿನಿಂದ ಬಸ್ಸಿನಲ್ಲಿ ಬರುತ್ತಿತ್ತು. ಎರಡು ಭಾನುವಾರ ನಮ್ಮ ಬಳಿ ಇದ್ದು ಆಮೇಲೆ ಅದೇ ಬಸ್ಸಿನಲ್ಲಿ ಮುಂದಿನ ಊರಿಗೆ ಹೋಗುತ್ತಿತ್ತು. ಹೋದದ್ದು ಮತ್ತೆ ಬಂದದ್ದಿಲ್ಲ. ರೆಕಾರ್ಡನ್ನು ಎರಡೂ ಬದಿ ಹಾಕಿ ಕೇಳುವುದು, ಆಮೇಲೆ ಚಹಾ ಕುಡಿಯುತ್ತ ಒಬ್ಬೊಬ್ಬರೂ ತಮ್ಮ ಅಭಿಪ್ರಾಯ ಹೇಳುವುದು, ಇಷ್ಟೇ ನಮ್ಮ ಕೆಲಸ.

ಅಭಿಪ್ರಾಯ ಹೇಳದೆ ನಮಗೆ ಬೇರೆ ದಾರಿಯೂ ಇರಲಿಲ್ಲ. ನಮ್ಮ ಊರಿನಲ್ಲಿ ರೆಕಾರ್ಡು, ರೇಡಿಯೊಗಳ ಸಂಗೀತ ಕೇಳುವವರ ನಡುವೆ ಪಾಲಾಗುತ್ತದೆ. ಹೋಟೆಲಿನಲ್ಲಿ ರೇಡಿಯೊ ಹಾಡಿದರೆ ಗಲ್ಲಾದ ಮೇಲೆ ಕೂತವರಿಗೆ ದನಿ ಸಿಗುತ್ತದೆ, ಮೂಲೆಯ ಮೇಜಿನವರಿಗೆ ತಬಲಾ, ದೋಸೆ ಹುಯ್ಯುವವನಿಗೆ ಪಿಟೀಲು. "ನಿಮಗೇನು ಬಂತು?" ಎನ್ನುವುದು ನಮ್ಮಲ್ಲಿ "ಊಟ ಆಯ್ತಾ?" ಎಂದಷ್ಟೇ ಸಾಮಾನ್ಯ. ಮದುವೆಮನೆಯಲ್ಲಿ ವಾದ್ಯದ ರೆಕಾರ್ಡು ಹಾಕಿದರೆ ನೆರೆದ ಜನಕ್ಕೆ ತಲೆಗೊಂದು ಚೂರು ಬರುತ್ತದೆ, ಅಷ್ಟೇ. ಆದರೂ ಹಾಕುತ್ತಾರೆ. ಗಂಡನಿಗೆ ಹಾಡಿನ ಮಾತು ಬಂದು ಹೆಂಡತಿಗೆ ಕೊಳಲು ಬರುವ ಮನೆಗಳಿವೆ. ಅವಳು ಒಲೆಯ ಮುಂದೆ ಕೊಳಲನ್ನು ಗುನುಗಿದರೆ ಅವನು ಪಕ್ಕದ ಕೋಣೆಯಿಂದ ಮಾತು ಸೇರಿಸುತ್ತಾನೆ. ಒಂದೇ ಜನ ಎಷ್ಟು ಸಲ ಸೇರಿದರೂ ಅವರವರಿಗೆ ಅವರವರದೇ ಪಾಲು.

ಕೂಟದಲ್ಲಿ ಟ್ರಂಪೆಟ್ ಲೋಬೊ ಮಾಸ್ತರರದು. ಪೊಲೀಸ್ ಬ್ಯಾಂಡಿನಲ್ಲಿ ಮುಖ್ಯಸ್ಥರಾಗಿದ್ದು ನಿವೃತ್ತರಾದವರು, ಕೂಟ ಕಟ್ಟಿದವರೂ ಅವರೇ. ಪಿಯಾನೊ ಹಮೀದಾ ಮೇಡಂ ಅವರದು. ಅವರು ಸಂಜೆ ಕಾಲೇಜಿನಲ್ಲಿ ನನಗೆ ಇಂಗ್ಲಿಷ್ ಕಲಿಸಿದವರು, ನನ್ನನ್ನು ಕೂಟಕ್ಕೆ ಕರೆತಂದವರು. ಡ್ರಮ್ಸ್ ಬೇಕರಿಯ ಕುಶಾಲನಿಗೆ, ದೊಡ್ಡ ತಂತಿವಾದ್ಯದ ಆ ತಗ್ಗಿನ ಬೇಸ್ ಕನ್ನಡಕದಂಗಡಿಯ ತಿರುಮಲೇಶರಿಗೆ. ಬರುವ ಆಲ್ಬಮ್ಮುಗಳು ಹೆಚ್ಚಾಗಿ ನಾಲ್ವರು ಬಾರಿಸಿದಂಥವು. ಹಾಗಾಗಿ ನನ್ನ ಪಾಲಿಗೆ ಉಳಿದದ್ದು ಬರುತ್ತಿತ್ತು. ಯಾರದೋ ಕಾಲು ನೆಲ ತಟ್ಟಿದ್ದು, ಕುರ್ಚಿ ಕಿರುಗುಟ್ಟಿದ್ದು, ಊದುವ ಮೊದಲು ಎಳೆದುಕೊಂಡ ಉಸಿರು. ನನ್ನ ಸರದಿ ಬಂದಾಗ ನಾನು ಅದನ್ನೇ ಹೇಳುತ್ತಿದ್ದೆ. "ಎರಡನೇ ಹಾಡಿನ ಮಧ್ಯೆ ಯಾರೋ ಗಂಟಲು ಸರಿಮಾಡಿಕೊಂಡರು." ಎಲ್ಲರೂ ಮರ್ಯಾದೆಯಿಂದ ತಲೆದೂಗುತ್ತಿದ್ದರು. ಲೋಬೊ ಮಾಸ್ತರರು "ಒಳ್ಳೇದು, ಇನ್ನು ಚಹಾ" ಎನ್ನುತ್ತಿದ್ದರು. ಇಂಥದ್ದನ್ನು ಅಭಿಪ್ರಾಯ ಎನ್ನಬಹುದೇ ಎಂಬ ಅನುಮಾನ ನನಗೆ ಮನೆಗೆ ಹೋಗುವ ದಾರಿಯುದ್ದಕ್ಕೂ ಇರುತ್ತಿತ್ತು.

ಸಂಗೀತವನ್ನು ಪೂರ್ತಿಯಾಗಿ ಕೇಳುವುದು ನನಗೆ ಹೊಸದಲ್ಲ ಎಂಬುದನ್ನೂ ಹೇಳಬೇಕು. ನನ್ನ ಮನೆಯಲ್ಲಿ ನಾನೊಬ್ಬನೇ. ಹೆಂಚಿನ ಕಾರ್ಖಾನೆಯ ಗುಮಾಸ್ತಿಕೆ ಮುಗಿಸಿ ಬಂದು ನನ್ನ ಹಳೆಯ ರೆಕಾರ್ಡುಗಳಲ್ಲಿ ಒಂದನ್ನು ಹಾಕಿದರೆ ಎಲ್ಲ ವಾದ್ಯಗಳೂ ನನಗೇ ಬರುತ್ತವೆ. ಊರಿನವರು ಕೆಲವರು ಇದಕ್ಕಾಗಿ ನನ್ನನ್ನು ಕಂಡು ಹೊಟ್ಟೆಕಿಚ್ಚು ಪಡುತ್ತಾರೆ. ಅವರಿಗೆ ಹೇಗೆ ಹೇಳುವುದೋ ತಿಳಿಯದು. ಹಾಡಿನ ನಡುವೆ ಒಂದು ಕಡೆ ತುಂಬ ಚೆನ್ನಾಗಿ ಬರುತ್ತದೆ, ಆಗ ಕತ್ತು ತಾನಾಗಿ ಪಕ್ಕಕ್ಕೆ ತಿರುಗುತ್ತದೆ. ಪಕ್ಕದಲ್ಲಿ ಒಗೆದು ಒಣಗಿದ ಬಟ್ಟೆ ಮಡಿಸದೆ ಬಿದ್ದಿರುತ್ತದೆ. ವಾರವೆಲ್ಲ ನಾನು ಮಾತಾಡುವುದು ಕಾರ್ಖಾನೆಯಲ್ಲಿ ಹೆಂಚಿನ ಬಗ್ಗೆ, ಭಾನುವಾರ ಮಾತ್ರ ಈ ನಾಲ್ವರ ಜೊತೆ ಬೇರೆ ಏನಾದರೂ. ಆ ಕುರ್ಚಿ ನನಗೆ ಎಷ್ಟು ಬೇಕಾಗಿತ್ತು ಎಂಬುದು ಅವರಿಗೆ ಗೊತ್ತಿತ್ತೋ ಇಲ್ಲವೋ.

ಹೀಗಿರುವಾಗ ಐವರು ಬಾರಿಸಿದ ಆಲ್ಬಮ್ ಬರುತ್ತದೆಂದು ಸುದ್ದಿ ಬಂತು. ಟ್ರಂಪೆಟ್, ಪಿಯಾನೊ, ಬೇಸ್, ಡ್ರಮ್ಸ್, ಜೊತೆಗೆ ಸ್ಯಾಕ್ಸೊಫೋನ್. ಕುಶಾಲ ಬೇಕರಿಯ ಗಾಜಿನ ಹಿಂದಿನಿಂದಲೇ ಕೂಗಿದ. "ಪದ್ಮರಾಜಣ್ಣ, ಈ ಸಲ ನಿಮಗೂ ಒಂದಿದೆ! ಇನ್ನು ಆ ಕೆಮ್ಮು, ಕಾಲು ಎಲ್ಲ ಬಿಡಿ." ನಾನು ವಾಚನಾಲಯದಲ್ಲಿ ಸ್ಯಾಕ್ಸೊಫೋನಿನ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ಹೇಳಲು ಯೋಗ್ಯವಾದ ಪದಗಳು ಸಿಗದೆ ಹೋದರೆ ಎಂದು ಹೆದರಿ ಕೆಲವನ್ನು ಬಾಯಿಪಾಠ ಮಾಡಿಕೊಂಡೆ.

ರೆಕಾರ್ಡು ಹಾಕುವ ಮೊದಲು ವಾಚನಾಲಯದ ಬಾಗಿಲಿಗೆ ಕೆಂಪು ಬಟ್ಟೆ ಕಟ್ಟುವುದು ನನ್ನ ಜವಾಬ್ದಾರಿ. ಯಾರ ಮನೆಯ ಮುಂದೆ ಕೆಂಪು ಬಟ್ಟೆ ಕಂಡರೂ ಅಕ್ಕಪಕ್ಕದವರು ಅಷ್ಟು ಹೊತ್ತು ಎದ್ದು ಹೊರಗೆ ಹೋಗುತ್ತಾರೆ, ಇಲ್ಲವೇ ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಾರೆ. ಇನ್ನೊಬ್ಬರ ಹಾಡಿನಲ್ಲಿ ಪಾಲು ತೆಗೆದುಕೊಳ್ಳುವುದು ಅವರ ತಟ್ಟೆಗೆ ಕೈ ಹಾಕಿದಂತೆ. ಆ ಭಾನುವಾರ ಬಟ್ಟೆಯನ್ನು ಎರಡು ಗಂಟು ಹಾಕಿ ಕಟ್ಟಿ ಬಂದು ನನ್ನ ಕುರ್ಚಿಯಲ್ಲಿ ಕೂತೆ. ಲೋಬೊ ಮಾಸ್ತರರು ರೆಕಾರ್ಡಿನ ಮೇಲೆ ಮುಳ್ಳನ್ನು ಇಳಿಸಿದರು.

ಕಾಲು ನೆಲ ತಟ್ಟಿದ್ದು ಕೇಳಿಸಿತು. ಆಮೇಲೆ ಯಾರೋ ಉಸಿರು ಎಳೆದುಕೊಂಡರು. ಉದ್ದನೆಯ, ಎದೆ ತುಂಬುವ ಉಸಿರು. ಇಗೋ ಬಂತು ಎಂದು ನಾನು ಕುರ್ಚಿಯ ಅಂಚಿಗೆ ಸರಿದೆ. ಏನೂ ಬರಲಿಲ್ಲ. ಮತ್ತೆ ಉಸಿರು, ಮತ್ತೆ ಏನೂ ಇಲ್ಲ. ಎರಡೂ ಬದಿ ಮುಗಿಯುವ ತನಕ ಹೀಗೇ ಆಯಿತು.

ಚಹಾ ಬಂತು. ಲೋಬೊ ಮಾಸ್ತರರು ಕಣ್ಣು ಮುಚ್ಚಿಯೇ ಶುರುಮಾಡಿದರು. "ಹಿಂದಿನ ಆಲ್ಬಮ್ಮಿಗಿಂತ ಇದರಲ್ಲಿ ಗಾಳಿ ಕಡಿಮೆ, ಯೋಚನೆ ಜಾಸ್ತಿ ಉಂಟು. ಬಾಯಿಗೆ ಕೈ ಅಡ್ಡ ಹಿಡಿದು ಗುಟ್ಟು ಹೇಳಿದ ಹಾಗೆ ಊದಿದ್ದಾನೆ." ಹಮೀದಾ ಮೇಡಂ ಹೇಳಿದರು, "ನನ್ನವನ ಎಡಗೈ ಸ್ವಲ್ಪ ಸೋಮಾರಿ. ಆದರೆ ಜಾಗ ಬಿಡ್ತಾನೆ. ಇನ್ನೊಬ್ಬರು ಮಾತಾಡಲಿ ಅಂತ ಸುಮ್ಮನಾಗೋದು ಎಲ್ಲರಿಗೂ ಬರಲ್ಲ." ತಿರುಮಲೇಶರು ಬೇಸ್ ಬಾರಿಸಿದವನು ನಡೆದ, ನಡೆದ, ಮನೆ ಬಂದರೂ ನಿಲ್ಲದೆ ಮುಂದೆ ಹೋದ ಎಂದರು. ಕುಶಾಲ ತನ್ನ ಡ್ರಮ್ಸಿನವನು ಮೈದಾ ಜರಡಿ ಹಿಡಿದಂತೆ ಬಾರಿಸಿದ, ಒಂದು ಗಂಟೂ ಇರಲಿಲ್ಲ ಎಂದ. ಆಮೇಲೆ ನಾಲ್ವರೂ ನನ್ನ ಕಡೆ ತಿರುಗಿದರು. ಅಷ್ಟು ವರ್ಷದಲ್ಲಿ ಅವರು ಹಾಗೆ ತಿರುಗಿದ್ದು ಅದೇ ಮೊದಲು.

"ಕಾಲು ತಟ್ಟಿದ್ದು ಕೇಳಿಸಿತು. ಉಸಿರು ಎಳೆದುಕೊಂಡದ್ದೂ ಕೇಳಿಸಿತು. ಆಮೇಲೆ ಏನೂ ಇಲ್ಲ," ಎಂದೆ.

"ಎಂತ ಮಾರಾಯ್ರೆ!" ಲೋಬೊ ಮಾಸ್ತರರು ಕವರನ್ನು ಎತ್ತಿ ತೋರಿಸಿದರು. "ಇಲ್ಲಿ ಇವ ಅದನ್ನು ಹಿಡಿದು ನಿಂತಿದ್ದಾನೆ. ಬರೀ ಫೋಟೊ ತೆಗೆಸಲಿಕ್ಕೆ ಬಂದವನಾ?"

"ನಮಗ್ಯಾರಿಗೂ ಬಂದಿಲ್ಲ," ಎಂದರು ತಿರುಮಲೇಶರು. "ಹಾಗಾದ್ರೆ ನಿಮಗೇ ಬಂದಿರಬೇಕು. ಎಲ್ಲಾ ಒಬ್ರೇ ಕೇಳಿ ಅಭ್ಯಾಸ ನಿಮಗೆ. ಇದನ್ನೂ ಒಬ್ರೇ ಇಟ್ಕೊಳ್ಳೋ ಆಸೆಯೇನೋ."

"ಛೆ, ಅದಲ್ಲ," ಎಂದ ಕುಶಾಲ. "ಬಂದಿದೆ, ಆದ್ರೆ ಬಂದಿದೆ ಅಂತ ಹೇಳೋಕೆ ಇವರಿಗೆ ಭಯ. ಅಲ್ವಾ ಪದ್ಮರಾಜಣ್ಣ? ತಪ್ಪಾದ್ರೆ ಯಾರೂ ಬೇಕರಿ ಒಲೆಗೆ ಹಾಕಲ್ಲ, ಹೇಳಿ."

ಹಮೀದಾ ಮೇಡಂ ನಗಲಿಲ್ಲ. "ತರಗತೀಲೂ ಹೀಗೇ ಮಾಡ್ತಿದ್ದೆ ನೀನು. ಸರಿ ಉತ್ತರ ಬರೆದು ಆಮೇಲೆ ಗೀಚಿ ಹಾಕ್ತಿದ್ದೆ. ಸರಿಯಾಗಿ ಯೋಚನೆ ಮಾಡು ಪದ್ಮರಾಜ್. ಕೇಳಿಸಿದ್ದನ್ನ ಬೇರೆ ಏನೋ ಅಂದುಕೊಂಡೆಯೇನೋ."

ಅವರು ಹಾಗೆಂದ ಮೇಲೆ ನನಗೇ ಹಾಗಿರಬಹುದು ಎನ್ನಿಸತೊಡಗಿತು. ಲೋಬೊ ಮಾಸ್ತರರು ರೆಕಾರ್ಡನ್ನು ಒರೆಸಿ ಕವರಿಗೆ ಹಾಕುತ್ತ, ನನ್ನ ಮುಖ ನೋಡದೆ, ವಿಮಾ ಕಂಪನಿಗೆ ಹೊಸದಾಗಿ ಬಂದ ಅಧಿಕಾರಿ ಕೂಟಕ್ಕೆ ಸೇರಬೇಕೆಂದು ಬಹಳ ದಿನದಿಂದ ಕೇಳುತ್ತಿದ್ದಾನೆ ಎಂದರು. "ಐದು ಕುರ್ಚಿಗಿಂತ ಜಾಸ್ತಿ ಮಾಡಿದರೆ ಎಲ್ಲರಿಗೂ ಚೂರೇ ಸಿಗುವುದು. ಬರುವ ಭಾನುವಾರ ನಿಮ್ಮಿಂದ ಸ್ಯಾಕ್ಸೊಫೋನಿನ ಬಗ್ಗೆ ಒಂದು ಮಾತು ಬೇಕು ಮಾರಾಯ್ರೆ. ಒಂದೇ ಮಾತು ಸಾಕು. ಇಲ್ಲದಿದ್ದರೆ ನಾನು ಅವನಿಗೆ ಏನು ಉತ್ತರ ಕೊಡಲಿ?"

ಮನೆಗೆ ಬಂದು, ಸ್ಯಾಕ್ಸೊಫೋನ್ ಇರುವ ನನ್ನ ಒಂದೇ ರೆಕಾರ್ಡನ್ನು ಹಾಕಿದೆ. ಎಲ್ಲ ವಾದ್ಯಗಳ ಜೊತೆ ಅದೂ ಸ್ಪಷ್ಟವಾಗಿ ಬಂತು. ಕಿವಿ ಸರಿಯಾಗಿತ್ತು. ಹಾಗಾದರೆ ಆ ಉಸಿರಿನ ಮುಂದಿನದು ಎಲ್ಲಿ ಹೋಯಿತು? ಎಳೆದುಕೊಂಡ ಉಸಿರು ಹೊರಗೆ ಬಂದೇ ಇರಬೇಕಲ್ಲ. ಯಾರೋ ಆರನೆಯವರು ಕೇಳಿಸಿಕೊಂಡಿದ್ದಾರೆ ಎಂಬ ಯೋಚನೆ ಬಂದಾಗ ನನ್ನ ಮೇಲೆ ನನಗೇ ನಾಚಿಕೆಯಾಯಿತು. ನನ್ನ ದಡ್ಡತನಕ್ಕೆ ಬೇರೆಯವರನ್ನು ಹೊಣೆ ಮಾಡುತ್ತಿದ್ದೇನೆಯೇ ಎನ್ನಿಸಿತು.

ಆದರೂ ಮಾರನೆಯ ದಿನ ಕಾರ್ಖಾನೆ ಬಿಟ್ಟ ಮೇಲೆ ವಾಚನಾಲಯದ ಹಿಂದಿನ ಓಣಿಗೆ ಹೋದೆ. ಕೂಟದ ಕೋಣೆಯ ಹಿಂಗೋಡೆಗೆ ಅಂಟಿಕೊಂಡು ಒಂದು ಮನೆ ಇದೆ. ಅದರ ಬಾಗಿಲು ಆ ಓಣಿಗೆ. ಬಹಳ ಕಾಲದಿಂದ ಬೀಗ ಹಾಕಿದ್ದ ಮನೆಯಾದ್ದರಿಂದ ಅಲ್ಲಿ ಕೆಂಪು ಬಟ್ಟೆ ಕಟ್ಟುವ ರೂಢಿಯೇ ಇರಲಿಲ್ಲ. ಈಗ ಬಾಗಿಲು ತೆರೆದಿತ್ತು. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು. ನಡುವಯಸ್ಸು ದಾಟಿದ ಹೆಂಗಸೊಬ್ಬರು ಗೋಡೆಗೆ ಬೆನ್ನು ತಾಗಿಸಿ ಕೂತು ಬಡಿಯುತ್ತಿದ್ದರು.

ಹೇಗೆ ಕೇಳುವುದೆಂದು ತಿಳಿಯದೆ ಹೊಸ್ತಿಲಲ್ಲೇ ನಿಂತೆ. "ಅಮ್ಮಾ, ನಿನ್ನೆ ಸಂಜೆ ನೀವು ಮನೇಲಿದ್ರಾ?"

"ಮನ್ಯಾಗ ಇದ್ದೆನ್ರಿ. ನಾ ಎಲ್ಲಿ ಹೋಗ್ಲಿ?" ಅವರು ಕೈ ನಿಲ್ಲಿಸಿ ನನ್ನನ್ನು ಮೇಲಿನಿಂದ ಕೆಳಗಿನ ತನಕ ನೋಡಿದರು. "ನೀವೇನ್ರಿ ಅದನ್ನ ಊದಾವ್ರು?"

"ನಾನಲ್ಲ."

"ಮತ್ತ ಯಾರು? ಅಂವನ್ನ ಒಂದು ಮಾತು ಕೇಳೋದಿತ್ತು. ಮೂರನೇದ್ರಾಗ ಯಾಕ ಹಂಗ ನಕ್ಕೊಂತ ಊದಿದಿ ಅಂತ."

ಅವರ ಹೆಸರು ಶಿವಗಂಗವ್ವ. ಘಟ್ಟದ ಮೇಲಿನ ಸೀಮೆಯ ಒಂದು ಖಾನಾವಳಿಯವರು ನಮ್ಮ ಊರಿನಲ್ಲಿ ಅಂಗಡಿ ತೆರೆದಾಗ ರೊಟ್ಟಿ ಬಡಿಯಲು ಇವರನ್ನು ಕರೆತಂದು ಆ ಮನೆಯಲ್ಲಿ ಇಳಿಸಿದ್ದರು. ಬೆಳಿಗ್ಗೆ, ಸಂಜೆ ರೊಟ್ಟಿಯ ಬುಟ್ಟಿ ಹೊತ್ತು ಹೋಗಿ ಕೊಟ್ಟು ಬರುವುದು ಬಿಟ್ಟರೆ ಅವರಿಗೆ ಊರಿನಲ್ಲಿ ಯಾರ ಪರಿಚಯವೂ ಇರಲಿಲ್ಲ. ತಮ್ಮ ಮಾತನ್ನು ಇಲ್ಲಿನವರು ಅರ್ಧ ಬಿಟ್ಟು ಅರ್ಧ ತಿಳಿದುಕೊಳ್ಳುತ್ತಾರೆ ಎಂದರು. ನಿನ್ನೆ ಸಂಜೆ ಹಿಟ್ಟು ನಾದುತ್ತಿದ್ದಾಗ ಗೋಡೆಯ ಒಳಗಿನಿಂದ ಆ ದನಿ ಬಂತಂತೆ.

"ಯಾರರ ಮಾತಾಡಾಕತ್ತಾರೇನ ಅಂತ ಮಾಡಿದೆ. ಬರೇ ಒಬ್ಬನ ದನಿ. ಒಂದಿಷ್ಟು ಹೇಳ್ತಾನ, ಸುಮ್ಮಾಗ್ತಾನ. ಪಾಪ, ಯಾರೂ ಹ್ಞೂಂ ಅನ್ನೋರ ಇಲ್ಲ. ಅದಕ್ಕ ನಾನ ಹ್ಞೂಂ ಅಂದೆ. ಮತ್ತ ಶುರು ಮಾಡಿದ. ಆಮ್ಯಾಲ ಅಂವ ಸುಮ್ಮಾದಾಗೊಮ್ಮೆ ಹ್ಞೂಂ ಅಂದೆ."

ಅವನು ಸುಮ್ಮನಾದಾಗ ಹಮೀದಾ ಮೇಡಂ ಅವರ ಪಿಯಾನೊ ಬರುತ್ತಿತ್ತೆಂದೂ ಹಿಂದೆ ಇನ್ನೂ ಮೂವರು ಇದ್ದರೆಂದೂ ಹೇಳಬೇಕೋ ಬೇಡವೋ ಎಂದು ತುಂಬ ಯೋಚಿಸಿದೆ. ಹೇಳದಿದ್ದರೆ ಸುಳ್ಳಾಗುತ್ತದೆ ಎನ್ನಿಸಿ ಹೇಳಿದೆ. ಶಿವಗಂಗವ್ವ ಕೈಯ ಹಿಟ್ಟನ್ನು ಉಜ್ಜಿ ತೆಗೆದರು.

"ಅಂವಗ ಗೆಳ್ಯಾರು ಅದಾರೇನು?" ಎಂದರು. ಆಮೇಲೆ, "ಮತ್ತ ಅವ್ರು ನನಗ್ಯಾಕ ಕೇಳಸ್ಲಿಲ್ಲ?"

"ನಮ್ಮ ಊರಲ್ಲಿ ಹಾಗೇನೇ."

"ಎಂಥಾ ಊರ್ರೀ ಇದು."

ಬಂದ ಕೆಲಸ ಇನ್ನೂ ಬಾಕಿ ಇತ್ತು. ಬರುವ ಭಾನುವಾರ ಆ ಹೊತ್ತಿಗೆ ಸ್ವಲ್ಪ ಹೊರಗೆ ಹೋಗಿ ಬರುತ್ತೀರಾ ಎಂದು ಕೇಳಿದೆ. ಅದು ನನಗೆ ಬರಬೇಕಾದ ಪಾಲು, ಬಾರದಿದ್ದರೆ ನನಗೆ ಕೂಟದಲ್ಲಿ ಜಾಗವಿಲ್ಲ ಎಂದೆ. ಇಷ್ಟು ಹೇಳುವಾಗ ಎಷ್ಟು ಸಲ "ತಪ್ಪು ತಿಳೀಬೇಡಿ" ಎಂದೆನೋ. ಅವರು ಕಾವಲಿಯ ಮೇಲಿನ ರೊಟ್ಟಿ ತಿರುವಿ ಹಾಕಿದರು.

"ಎಲ್ಲಿಗೆ ಹೋಗ್ಲಿ ಹೇಳ್ರಿ? ಯಾರದಾರ ನನಗ ಇಲ್ಲಿ?"

"ಬಸ್ ನಿಲ್ದಾಣದಲ್ಲಿ ಬೆಂಚಿದೆ. ಗಾಳಿ ಬರುತ್ತೆ."

"ಆತು ಬಿಡ್ರಿ, ಹೋಗ್ತೀನಿ. ನಿಮ್ಮದು ಅಂದ ಮ್ಯಾಲ ನಿಮ್ಮದು." ನಾನು ಹೊರಡುವಾಗ ಎರಡು ರೊಟ್ಟಿ ಕಾಗದದಲ್ಲಿ ಸುತ್ತಿ ಕೊಟ್ಟರು. ಬೇಡ ಎನ್ನಲು ನನಗೆ ಆಗಲಿಲ್ಲ.

ಎರಡನೆಯ ಭಾನುವಾರ ಎರಡು ಬಾಗಿಲಿಗೂ ಕೆಂಪು ಬಟ್ಟೆ ಕಟ್ಟಿದೆ. ಶಿವಗಂಗವ್ವ ಒಗೆದ ಸೀರೆ ಉಟ್ಟು, ಊರಿಗೆ ಹೊರಟವರಂತೆ ಕೈಯಲ್ಲಿ ಚೀಲ ಹಿಡಿದು ಹೋದರು. ನಾನು ಬಂದು ನನ್ನ ಕುರ್ಚಿಯಲ್ಲಿ ಕೂತೆ. ಮುಳ್ಳು ಇಳಿಯಿತು, ಉಸಿರಿನ ಸದ್ದಿಲ್ಲದೆ ಸ್ಯಾಕ್ಸೊಫೋನ್ ನೇರ ನನ್ನ ಕಿವಿಗೆ ಬಂತು.

ಅದನ್ನು ವರ್ಣಿಸುವ ಶಕ್ತಿ ನನಗಿಲ್ಲ. ಬಾಯಿಪಾಠ ಮಾಡಿದ ಪದಗಳು ಒಂದೂ ನೆನಪಾಗಲಿಲ್ಲ. ಕುರ್ಚಿಗೆ ಒರಗುವುದನ್ನೂ ಮರೆತು ಕೂತಿದ್ದೆ. ಮೂರನೆಯ ಹಾಡು ಬಂದಾಗ ನಗು ಎಲ್ಲಿದೆ ಎಂದು ಹುಡುಕಿದೆ. ಪಕ್ಕದ ಕಿಟಕಿಯಿಂದ ರಸ್ತೆಯ ತುದಿಯ ಬಸ್ ನಿಲ್ದಾಣ ಕಾಣುತ್ತಿತ್ತು. ಶಿವಗಂಗವ್ವ ಬೆಂಚಿನ ಒಂದು ತುದಿಯಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಬಸ್ಸು ಬಂದಾಗ ಕಂಡಕ್ಟರ್ ಏನೋ ಕೇಳಿದ, ಅವರು ತಲೆಯಾಡಿಸಿದರು. ಬಸ್ಸು ಹೋಯಿತು. ಅವರು ಅಲ್ಲೇ ಇದ್ದರು. ನಾನು ಕಣ್ಣು ಮುಚ್ಚಿಕೊಂಡೆ.

ನನ್ನ ಸರದಿ ಬಂದಾಗ ಎದ್ದು ನಿಂತೇ ಹೇಳಿದೆ. ಮೂರನೆಯ ಹಾಡಿನಲ್ಲಿ ಅವನು ಏನೋ ಒಂದು ಮಾತು ಕೇಳಲು ಬಂದವನಂತಿದ್ದಾನೆ, ಬಾಗಿಲ ತನಕ ಬಂದು ಕೇಳದೆ ಹಿಂದಿರುಗುತ್ತಾನೆ, ಮೆಟ್ಟಿಲಲ್ಲಿ ನಿಂತು ಗಂಟಲಿಗೆ ಬಂದದ್ದನ್ನು ನುಂಗುತ್ತಾನೆ ಎಂದೆ. ಇದು ನಿಜವಾಗಿ ನನ್ನ ಪಾಲಲ್ಲ, ಹಿಂದಿನ ಮನೆಯ ಶಿವಗಂಗವ್ವನವರದು, ಅವರನ್ನು ಹೊರಗೆ ಕಳಿಸಿ ಕೇಳಿದ್ದೇನೆ ಎಂದೂ ಹೇಳಿದೆ.

ಲೋಬೊ ಮಾಸ್ತರರು ತೊಡೆ ತಟ್ಟಿದರು. "ಹಾಗೆ ಹೇಳಿ! ನಾನು ನಿಮ್ಮ ಮೇಲೆ ಸುಮ್ಮನೆ ಕೋಪ ಮಾಡಿದೆ. ಇನ್ನು ಪ್ರತಿ ಭಾನುವಾರ ಹಿಂದಿನ ಬಾಗಿಲಿಗೂ ಬಟ್ಟೆ ಕಟ್ಟಿಬಿಡಿ. ಆ ಅಮ್ಮನಿಗೆ ಕೂಟದ ಪರವಾಗಿ ಹೇಳಿಬಿಡಿ. ಕುರ್ಚಿ ನಿಮ್ಮದೇ." ಕುಶಾಲ ನನ್ನ ಬೆನ್ನು ತಟ್ಟಿದ. ತಿರುಮಲೇಶರು ಕ್ಷಮೆ ಕೇಳಿದರು. ಹಮೀದಾ ಮೇಡಂ, "ಮೆಟ್ಟಿಲಲ್ಲಿ ನಿಂತು ನುಂಗೋದು. ಚೆನ್ನಾಗಿ ಹೇಳಿದೆ," ಎಂದರು. ನಾಲ್ವರೂ ತಲೆದೂಗಿದರು.

ಇಷ್ಟಕ್ಕಾಗಿಯೇ ನಾನು ವರ್ಷಗಟ್ಟಲೆ ಕಾದದ್ದು. ಆದರೆ ಅವರು ತಲೆದೂಗುತ್ತಿದ್ದಾಗ ಒಂದು ವಿಷಯ ಹೊಳೆಯಿತು. ಅವನು ನುಂಗಿದ ಎನ್ನುವ ಬದಲು ನಾನು ಸೀನಿದ ಎಂದಿದ್ದರೂ ಅವರು ಹೀಗೆಯೇ ತಲೆದೂಗುತ್ತಿದ್ದರು. ಬೇರೇನು ಮಾಡಬಲ್ಲರು? ಅವರು ಅದನ್ನು ಕೇಳಿಲ್ಲ. ಅವರ ಟ್ರಂಪೆಟ್ಟು, ಪಿಯಾನೊಗಳ ಬಗ್ಗೆ ನಾನೂ ಇಷ್ಟು ಕಾಲ ಅದನ್ನೇ ಮಾಡಿದ್ದೆ.

ಕೂಟದ ಮಾತನ್ನು ತಲುಪಿಸಲು ಹಿಂದಿನ ಓಣಿಗೆ ಹೋದೆ. ಶಿವಗಂಗವ್ವ ಆಗತಾನೇ ಬಂದು ಬಾಗಿಲಲ್ಲಿ ಕಾಲು ತೊಳೆಯುತ್ತಿದ್ದರು. ನನ್ನನ್ನು ಕಂಡ ಕೂಡಲೇ ತಂಬಿಗೆ ಕೆಳಗಿಟ್ಟರು.

"ಬಂದಿದ್ದನೇನು? ಇವತ್ತ ಏನಂದ?"

ಹೊಸ್ತಿಲ ಪಕ್ಕದ ಕಟ್ಟೆಯ ಮೇಲೆ ಕೂತು, ಕೂಟದಲ್ಲಿ ಹೇಳಿದ್ದನ್ನೇ ಹೇಳಿದೆ. ಬಾಗಿಲು, ಮೆಟ್ಟಿಲು, ನುಂಗಿದ್ದು. ಅವರು ಪೂರ್ತಿ ಕೇಳಲೇ ಇಲ್ಲ.

"ಸುಳ್ಳು," ಎಂದರು.

"ಏನು ಸುಳ್ಳು?"

"ನುಂಗಿದನಂತ! ಅಂವ ನಗಾಕತ್ತಿದ್ದ. ನಾ ಈ ಕಿವೀಲೆ ಕೇಳೀನಿ."

"ಇಲ್ಲಮ್ಮ, ನಾನೂ ಈಗಷ್ಟೇ ಕೇಳಿ ಬಂದೆ. ಗಂಟಲು ಕಟ್ಟಿದ ದನಿ ಅದು."

"ನುಂಗಿದ್ರ ದನಿ ಕೆಳಗ ಹೋಗ್ತೈತೋ, ಮ್ಯಾಲ ಹೋಗ್ತೈತೋ? ಅಂವಂದು ಟಣ್ ಅಂತ ಮ್ಯಾಲ ಜಿಗೀತೈತಿ. ಒಂದ ಸಲ ಅಲ್ಲ, ಮೂರ ಸಲ."

"ಜಿಗಿಯುತ್ತೆ, ನಿಜ. ಆದರೆ ಕೊನೆಗೆ ಇಳಿಯುತ್ತಲ್ಲ?"

"ನಕ್ಕು ದಣದ ಮ್ಯಾಲ ಯಾರರ ಇಳೀಲೇಬೇಕ್ರಿ. ನೀವು ಎಂದರ ಜೋರಾಗ ನಕ್ಕೀರೇನು? ಮುಖ ನೋಡಿದ್ರ ಹಂಗ ಕಾಣಂಗಿಲ್ಲ."

ನಾನು ಕಟ್ಟೆಯ ಅಂಚಿಗೆ ಸರಿದೆ. ಕೋಪದಿಂದಲ್ಲ. ನಾನು ಕೇಳಿದ ಸಂಗೀತದ ಬಗ್ಗೆ ಒಬ್ಬರು "ಸುಳ್ಳು" ಎಂದದ್ದು ನನ್ನ ಬದುಕಿನಲ್ಲೇ ಅದು ಮೊದಲ ಸಲ. ನಮ್ಮ ಊರಿನಲ್ಲಿ ಅಂಥ ಮಾತು ಯಾರ ಬಾಯಲ್ಲೂ ನಾನು ಕೇಳಿದ್ದಿಲ್ಲ. ಕತ್ತಲಾಗುವ ತನಕ ವಾದ ನಡೆಯಿತು. ಅವರು ಲಟ್ಟಣಿಗೆಯನ್ನು ಬಾಯಿಗಿಟ್ಟುಕೊಂಡು ಅವನು ಊದಿದ ರೀತಿ ತೋರಿಸಿದರು. ನಾನು ಅದು ಹಾಗಲ್ಲ ಎಂದು ಬಾಯಲ್ಲೇ ಊದಿ ತೋರಿಸಿದೆ. ಓಣಿಯಲ್ಲಿ ಹೋಗುವವರು ನಿಂತು ನೋಡಿ ಹೋದರು. ಏಳುವಾಗ ಶಿವಗಂಗವ್ವ ಕೇಳಿದರು, "ಅಂದಂಗ ನೀವು ಬಂದಿದ್ದು ಯಾತಕ್ಕ? ಮುಂದಿನ ವಾರಾನೂ ನಾ ಬಸ್‌ಸ್ಟ್ಯಾಂಡಿಗೆ ಹೋಗ್ಲೇನು?"

"ಬೇಡ," ಎಂದೆ. "ನೀವು ಮನೇಲೇ ಇರಿ."

ಮಾರನೆಯ ದಿನ ಆ ರೆಕಾರ್ಡು ಬಸ್ಸು ಹತ್ತಿ ಹೋಯಿತು. ಮುಂದಿನ ಭಾನುವಾರದ ಹೊಸ ಆಲ್ಬಮ್ಮೂ ಐವರದೇ. ನಾನು ವಾಚನಾಲಯದ ಬಾಗಿಲಿಗೆ ಮಾತ್ರ ಬಟ್ಟೆ ಕಟ್ಟಿದೆ. ಒಳಗೆ ಕೂತು ಕಾಲಿನ ಸದ್ದನ್ನೂ ಉಸಿರನ್ನೂ ಕೇಳಿದೆ. ಗೋಡೆಯಾಚೆಯಿಂದ ನಡುನಡುವೆ ಹ್ಞೂಂ ಎಂದಂತೆ ಅನ್ನಿಸಿತು. ನಿಜವೋ ಭ್ರಮೆಯೋ ಹೇಳಲಾರೆ.

"ಸ್ಯಾಕ್ಸೊಫೋನ್?" ಎಂದರು ಲೋಬೊ ಮಾಸ್ತರರು.

"ನನಗೆ ಬರಲಿಲ್ಲ ಸಾರ್. ಹಿಂದಿನ ಬಾಗಿಲಿಗೆ ಬಟ್ಟೆ ಕಟ್ಟಿಲ್ಲ."

"ಮರೆತಿರಾ?"

"ಇಲ್ಲ ಸಾರ್. ಮರೆತಿಲ್ಲ."

ಅವರು ರೆಕಾರ್ಡನ್ನು ಒರೆಸಿ ಕವರಿಗೆ ಹಾಕಿದರು. ಮನುಷ್ಯ ಕೆಟ್ಟವರಲ್ಲ. ಆ ಹೆಂಗಸನ್ನೇ ಕೂಟಕ್ಕೆ ಕರೆದರೆ ಹೇಗೆ ಎಂದು ಹಮೀದಾ ಮೇಡಂ ಕೇಳಿದರು. ತಾವೇ ಹೋಗಿ ಕರೆದರು ಕೂಡ. ಶಿವಗಂಗವ್ವ ರೊಟ್ಟಿಯ ಹೊತ್ತು ತಪ್ಪುತ್ತದೆ ಎಂದರಂತೆ. ಕುರ್ಚಿಯ ಮೇಲೆ ಕೂತು ಕೇಳುವುದು ತನಗೆ ಬರುವುದಿಲ್ಲ ಎಂದೂ ಹೇಳಿದರಂತೆ. ಕೂಟದವರು ಹಿಂದಿನ ಬಾಗಿಲಿಗೆ ತಾವೇ ಬಟ್ಟೆ ಕಟ್ಟಿ ಅವರನ್ನು ಎಬ್ಬಿಸಬಹುದಿತ್ತು. ಹಾಗೆ ಮಾಡದಂತೆ ತಡೆದವರು ಮೇಡಮ್ಮೇ ಎಂದು ಆಮೇಲೆ ಕುಶಾಲ ಹೇಳಿದ. ನನ್ನ ಕುರ್ಚಿಯಲ್ಲಿ ಈಗ ವಿಮಾ ಅಧಿಕಾರಿ ಕೂರುತ್ತಾನೆ. ಕಾಲು, ಕೆಮ್ಮುಗಳ ಬಗ್ಗೆ ಅವನು ತುಂಬ ಉತ್ಸಾಹದಿಂದ ಮಾತಾಡುತ್ತಾನಂತೆ.

ಭಾನುವಾರ ಸಂಜೆ ರೆಕಾರ್ಡು ಮುಗಿಯುವ ತನಕ ನಾನು ಮೀನು ಮಾರುಕಟ್ಟೆಯ ಆಚೆ ನಡೆದಾಡುತ್ತೇನೆ. ಇನ್ನೊಂದು ಜೊತೆ ಕಿವಿ ಹತ್ತಿರ ಬಂದರೆ ಶಿವಗಂಗವ್ವನವರ ಪಾಲು ಎಲ್ಲಿ ಬದಲಾಗುತ್ತದೋ ಎಂಬ ಭಯ. ಆಮೇಲೆ ಓಣಿಗೆ ಹೋಗುತ್ತೇನೆ. ಅವರು ಹೊಸ ಆಲ್ಬಮ್ಮಿನ ಬಗ್ಗೆ ಹೇಳುತ್ತಾರೆ. ಒಂದು ವಾರ ಅವನು ಊಟ ಬಿಟ್ಟವನ ಹಾಗೆ ಊದಿದ, ಇನ್ನೊಂದು ವಾರ ಊದಿದವನೇ ಬೇರೆ, ದೊಡ್ಡ ಮನೆತನದವನು, ಬಾಯಿ ತುಂಬ ಮಾತಾಡುವುದಿಲ್ಲ. ನಾನು ಕೇಳಿಸಿಕೊಳ್ಳುತ್ತೇನೆ. ನನಗೆ ಏನೂ ಗೊತ್ತಿರುವುದಿಲ್ಲ. ಹೌದಾ ಎನ್ನುತ್ತೇನೆ, ಸರಿ ಎನ್ನುತ್ತೇನೆ. ಮೊದಮೊದಲು ಅವರೂ ಹೇಳುತ್ತ ಹೋಗುತ್ತಿದ್ದರು. ಈಗ ನಡುವೆಯೇ ಮಾತು ಸೋತು ನಿಲ್ಲುತ್ತದೆ. ಒಲೆಯ ಬೆಂಕಿ ಸರಿಮಾಡುತ್ತ ಅವರು ಆ ಕಡೆ ನೋಡುತ್ತಾರೆ, ನಾನು ಓಣಿಯ ಕಡೆ ನೋಡುತ್ತೇನೆ. ಇಬ್ಬರೂ ಕೇಳಿದ್ದು ಆ ಒಂದೇ ರೆಕಾರ್ಡು. ಅದು ಈಗ ಯಾವ ಊರಿನಲ್ಲಿದೆಯೋ, ಯಾರ ಯಾರ ಪಾಲಾಗಿದೆಯೋ.

"ಬರೇ ಹೌದಾ ಹೌದಾ ಅಂತೀರಿ," ಎಂದರು ಅವರು ಕಳೆದ ಭಾನುವಾರ. "ಗ್ವಾಡಿಗೆ ಹೇಳಿದಂಗ ಆತು ನನಗ."

"ಕೇಳಿಲ್ಲದ್ದಕ್ಕೆ ಏನು ಹೇಳಲಿ ಶಿವಗಂಗವ್ವ?"

ಅವರು ಒಂದು ರೊಟ್ಟಿ ಬಡಿದು ಕಾವಲಿಗೆ ಹಾಕಿ, ನೀರು ಸವರಿ, ತಿರುವಿ ಹಾಕಿದರು. ಆಮೇಲೆ ನನ್ನ ಕಡೆ ಪೂರ್ತಿ ತಿರುಗಿ ಕೂತರು.

"ಹೋಗ್ಲಿ, ಆ ಮೂರನೇ ಹಾಡು ತಗೀರಿ. ಅಂವ ನಗಾಕತ್ತಿದ್ದ."

ಈಗ ಆ ದನಿ ನನ್ನ ಕಿವಿಯಲ್ಲಿ ಬಹಳ ಮಸುಕಾಗಿದೆ. ಬಹುಶಃ ಅವರು ಹೇಳುವುದೇ ಸರಿ.

"ಇಲ್ಲ," ಎಂದೆ. "ನಗುತ್ತಿರಲಿಲ್ಲ."